ರಂಗಮಂದಿರದ ಹೆಸರು, ಜಗಲಿ ಮೇಲಿನ ಚಿತ್ರ

ಖೂಬಾ ಪ್ಲಾಟಿನ ನಮ್ಮ ಮನೆಯ ದೇವರ ಜಗಲಿ ಮೇಲೆ ಹಳೇ ಕ್ಯಾಲೆಂಡರಿನ ಕೃಷ್ಣನಿದ್ದಾನೆ. ವರ್ಷ ಮುಗಿದರೂ ದೇವರನ್ನ ಬಿಸಾಡಬಾರದು ಅಂತ ಅವ್ವ ತಾರೀಖಿನ ಹಾಳೆ ಹರಿದು, ಚಿತ್ರಕ್ಕೆ ಕಟ್ಟು ಹಾಕಿಸಿದ್ದಳು. ಮೂಲೆಯಲ್ಲಿದ್ದ ಸಹಿಯನ್ನ ನಾನು ಓದಿದ್ದು ಬಹಳ ತಡವಾಗಿ: ಎಸ್.ಎಂ. ಪಂಡಿತ್.

ಕಲಬುರಗಿಯಲ್ಲಿ ಈ ಹೆಸರು ಕೇಳದವರಿಲ್ಲ. ನಾಟಕ, ಸಮಾರಂಭ ಅಂದ್ರೆ ಪಂಡಿತ್ ರಂಗಮಂದಿರ. ಆದರೆ ಆ ಪಂಡಿತರು ಯಾರು ಅಂತ ಕೇಳಿದರೆ ಬಹಳ ಮಂದಿ ಸುಮ್ಮನಾಗ್ತಾರೆ.

ಸಾಂಬಾನಂದ ಮೋನಪ್ಪ ಪಂಡಿತರು ಹುಟ್ಟಿದ್ದು 1916ರಲ್ಲಿ, ಇದೇ ಊರಲ್ಲಿ. ರವಿವರ್ಮ ತೀರಿಕೊಂಡು ಆಗ ಹತ್ತು ವರ್ಷ. ಪಂಡಿತರು ಕಲಾವಿದರಾಗಿ ಹೆಸರು ಮಾಡಿದ್ದು ಮುಂಬಯಿಯಲ್ಲಿ. ಮೆಟ್ರೋ ಚಿತ್ರಮಂದಿರಕ್ಕೆ ಹಾಲಿವುಡ್ ಸಿನಿಮಾಗಳ ಜಾಹೀರಾತು ಚಿತ್ರ ಬರೆದರು. ಬಾಬುರಾವ್ ಪಟೇಲರ ಫಿಲ್ಮ್‌ಇಂಡಿಯಾ ಪತ್ರಿಕೆಗೆ ಮುಖಪುಟ ಬರೆದರು. ನಟನಟಿಯರ ಮುಖದ ಮೇಲೆ ಬೆಳಕು ಹೇಗೆ ಬೀಳ್ತದೆ ಅನ್ನೋದು ಅವರ ಕುಂಚಕ್ಕೆ ಪಾಠವಾಯ್ತು. ಮುಂದೆ ಕ್ಯಾಲೆಂಡರಿನ ದೇವರುಗಳಿಗೂ ಅದೇ ಬೆಳಕು ಬಂತು.

ಅವರ ಜಾಣತನ ಇರೋದು ಇಲ್ಲೇ ಅಂತ ನನಗನ್ನಿಸ್ತದೆ. ನಮ್ಮನೆ ಕೃಷ್ಣನ ಕೊಳಲು, ನವಿಲುಗರಿ ಬೆರಳಿಂದ ಮುಚ್ಚಿ ನೋಡಿ, ಒಬ್ಬ ಚೆಂದದ ಸಿನಿಮಾ ಹೀರೋ ಉಳೀತಾನೆ. ಬೆರಳು ತೆಗೆದರೆ ಮತ್ತೆ ದೇವರು. ಶಿವನಿಗೆ ತ್ರಿಶೂಲ, ಡಮರು, ವಿಷ್ಣುವಿಗೆ ಶಂಖ, ಚಕ್ರ, ಸರಸ್ವತಿಗೆ ವೀಣೆ. ಮೈಕಟ್ಟು ಹೊಸ ಕಾಲದ್ದು, ಕೈಯಲ್ಲಿನ ಸಾಮಾನು ಪುರಾಣದ್ದು. ಓದು ಬಾರದ ಅವ್ವನಂಥವರು ದೇವರನ್ನ ಗುರುತಿಸಿದ್ದು ಆ ಸಾಮಾನಿನಿಂದಲೇ.

ಕ್ಯಾಲೆಂಡರ್ ಕಲೆ ಅಂತ ಇದನ್ನ ಪಕ್ಕಕ್ಕಿಟ್ಟವರು ಬಹಳ. ಗ್ಯಾಲರಿಯ ಚಿತ್ರ ನೋಡಲು ಜನ ಹೋಗಬೇಕು. ಇದು ಜನರ ಮನೆಗೇ ಬಂತು, ಕುಂಕುಮ ಹಚ್ಚಿಸಿಕೊಂಡಿತು. ಅದೇ ಅದರ ದೊಡ್ಡಸ್ತಿಕೆ, ಅದೇ ಅದರ ದೌರ್ಭಾಗ್ಯ. ಪೂಜೆ ದೇವರಿಗೆ ಹೋಯ್ತು, ಬರೆದವರ ಹೆಸರು ಕಟ್ಟಿನ ಅಂಚಿನೊಳಗೆ ಮುಚ್ಚಿಹೋಯ್ತು.

ಮುಂಬಯಿಯಲ್ಲಿ ಹೆಸರು ಮಾಡಿದ ಮೇಲೆ ಅವರು ಊರಿಗೆ ಮರಳಿ ಇಲ್ಲೇ ಚಿತ್ರ ಬರೆದರು. ತೀರಿಕೊಂಡಿದ್ದು 1993ರಲ್ಲಿ.

ಈಗ ಮನೆ ಕೆಡವಿ ಕಟ್ಟುವಾಗ ಹಳೇ ಚಿತ್ರಗಳು ಆಲದ ಮರದ ಬುಡಕ್ಕೆ ಹೋಗ್ತಿವೆ. ಮಳೆಗೆ ಬಣ್ಣ ಬಿಡ್ತಾವೆ, ಗಾಜು ಒಡೀತದೆ. ಒಬ್ಬ ಕಲಾವಿದನ ಹೆಸರನ್ನ ಕಟ್ಟಡಕ್ಕಿಟ್ಟು, ಅವನ ಕೆಲಸವನ್ನ ಮರದ ಬುಡಕ್ಕಿಡುವುದು ಯಾವ ಗೌರವ? ನಿಮ್ಮ ಜಗಲಿಯ ಚಿತ್ರ ತೆಗೆಯುವ ಮೊದಲು ಒಮ್ಮೆ ಒರೆಸಿ, ಮೂಲೆ ನೋಡಿರಿ.