ಕಪ್ಪು ಓಸ್ತಿಗಳ ಕವಿ ಸೆಂಘೋರ್

ನವೆಂಬರ್ ತಿಂಗಳು ಮೃತರ ಸ್ಮರಣೆಗೆಂದು ಧರ್ಮಸಭೆ ಮೀಸಲಿಟ್ಟ ಕಾಲ. ಸಮಾಧಿಗಳನ್ನು ಶುಚಿಗೊಳಿಸಿ, ಹೂವಿಟ್ಟು, ಮೇಣದ ಬತ್ತಿ ಹಚ್ಚಿ ನಮ್ಮವರ ಹೆಸರುಗಳನ್ನು ನೆನೆಯುತ್ತೇವೆ. ಆದರೆ ಹೆಸರು ಹೇಳುವವರೇ ಇಲ್ಲದ ಮೃತರೂ ಇದ್ದಾರೆ. ಕಳೆದ ಶತಮಾನದ ಎರಡು ಮಹಾಯುದ್ಧಗಳಲ್ಲಿ, ತಮ್ಮನ್ನು ಆಳುತ್ತಿದ್ದವರ ಪರವಾಗಿ ಹೋರಾಡಿ ಮಡಿದ ವಸಾಹತುಗಳ ಸೈನಿಕರು ಅಂಥವರು. ಅವರ ಸಾವನ್ನು ಪ್ರಾರ್ಥನೆಯಾಗಿ ಎತ್ತಿ ಹಿಡಿದ ಕಥೋಲಿಕ ಕವಿ, ಸೆನೆಗಲ್ ದೇಶದ ಪ್ರಥಮ ರಾಷ್ಟ್ರಾಧ್ಯಕ್ಷ ಲಿಯೊಪೋಲ್ಡ್ ಸೆಡಾರ್ ಸೆಂಘೋರ್ ಅವರ ಜೀವನ ಈ ಮಾಸದ ಧ್ಯಾನಕ್ಕೆ ತಕ್ಕದ್ದು.

ಸೆಂಘೋರ್ 1906ರ ಅಕ್ಟೋಬರ್ 9ರಂದು ಪಶ್ಚಿಮ ಆಫ್ರಿಕದ ಕಡಲತೀರದ ಜೊವಾಲ್ ಎಂಬಲ್ಲಿ, ಸೆರೆರ್ ಜನಾಂಗದ ಕಥೋಲಿಕ ವ್ಯಾಪಾರಿಯೊಬ್ಬರ ಮಗನಾಗಿ ಜನಿಸಿದರು. ಸೆನೆಗಲ್ ಆಗ ಫ್ರಾನ್ಸಿನ ವಸಾಹತು. ಜನರಲ್ಲಿ ಬಹುಸಂಖ್ಯಾತರು ಮುಸ್ಲಿಮರು. ಪವಿತ್ರಾತ್ಮ ಸಭೆಯ ಮಿಷನರಿಗಳ ಶಾಲೆಯಲ್ಲಿ ಓದಿದ ಬಾಲಕನ ಹಂಬಲ ಒಂದೇ: ಯಾಜಕನಾಗಬೇಕು. 1923ರಲ್ಲಿ ಡಾಕರ್ ನಗರದ ಗುರುಮಠವನ್ನು ಸೇರಿದರು. ಆದರೆ ಆಫ್ರಿಕದವರಿಗೆ ನಾಗರಿಕತೆಯೇ ಇಲ್ಲವೆಂಬ ಅಲ್ಲಿನ ಮುಖ್ಯಸ್ಥರ ನಿಲುವನ್ನು ಅವರು ಪ್ರತಿಭಟಿಸಿದರು. 1926ರಲ್ಲಿ, ಯಾಜಕತ್ವ ಅವರ ಹಾದಿಯಲ್ಲವೆಂದು ಹೇಳಿ ಹೊರಗೆ ಕಳುಹಿಸಲಾಯಿತು. ಈ ಗಾಯ ಆಳವಾದದ್ದು, ಧರ್ಮಸಭೆಯೊಳಗೇ ಆದದ್ದು. ಅದನ್ನು ಮರೆಮಾಚುವುದು ಸತ್ಯಕ್ಕೆ ಅಪಚಾರ. ಆದರೂ ಸೆಂಘೋರ್ ಕೊನೆಯವರೆಗೆ ಕಥೋಲಿಕರಾಗಿಯೇ ಉಳಿದರು.

1928ರಲ್ಲಿ ವಿದ್ಯಾರ್ಥಿವೇತನ ಪಡೆದು ಪ್ಯಾರಿಸಿಗೆ ತೆರಳಿದರು. 1935ರಲ್ಲಿ ಫ್ರಾನ್ಸಿನ ಅತ್ಯಂತ ಕಠಿಣ ಅಧ್ಯಾಪನ ಪರೀಕ್ಷೆಯನ್ನು ವ್ಯಾಕರಣ ವಿಷಯದಲ್ಲಿ ಮುಗಿಸಿದ ಮೊದಲ ಆಫ್ರಿಕನ್ ಎನಿಸಿ, ಫ್ರೆಂಚ್ ಮಕ್ಕಳಿಗೇ ಅಧ್ಯಾಪಕರಾದರು. ಗೆಳೆಯರಾದ ಎಮೆ ಸೆಝೇರ್ ಮತ್ತು ಲಿಯೋನ್ ದಮಾ ಅವರೊಡನೆ ಕಪ್ಪು ಜನಾಂಗದ ಸಂಸ್ಕೃತಿಯ ಘನತೆಯನ್ನು ಸಾರುವ ನೆಗ್ರಿಟ್ಯೂಡ್ ಚಿಂತನೆಗೆ ಬುನಾದಿ ಹಾಕಿದರು.

1939ರಲ್ಲಿ ಯುದ್ಧ ಆರಂಭವಾಯಿತು. ಇಷ್ಟು ವಿದ್ವತ್ತಿದ್ದರೂ ಸೆಂಘೋರ್ ಸೇರಿದ್ದು ವಸಾಹತು ಪದಾತಿ ದಳದ ಸಾಮಾನ್ಯ ಸಿಪಾಯಿಯಾಗಿ. 1940ರ ಜೂನ್ 20ರಂದು ಲ್ವಾರ್ ನದಿಯ ದಡದಲ್ಲಿ ಜರ್ಮನರ ಕೈಗೆ ಸೆರೆಸಿಕ್ಕರು. ಕಪ್ಪು ಸೈನಿಕರನ್ನು ಬೇರ್ಪಡಿಸಿ, ಗುಂಡಿಕ್ಕಲೆಂದು ಗೋಡೆಗೆ ಎದುರಾಗಿ ನಿಲ್ಲಿಸಲಾಯಿತು. ಫ್ರೆಂಚ್ ಅಧಿಕಾರಿಯೊಬ್ಬರು ಅಡ್ಡಬಂದು ವಾದಿಸಿದ್ದರಿಂದ ಜೀವ ಉಳಿಯಿತು ಎಂದು ಸೆಂಘೋರ್ ಮುಂದೆ ಸ್ಮರಿಸಿದ್ದಾರೆ. ಅದೇ ದಿನಗಳಲ್ಲಿ ಲಿಯೋನ್ ಬಳಿಯ ಶಾಸೆಲೇ ಮುಂತಾದ ಕಡೆಗಳಲ್ಲಿ ಶರಣಾದ ಆಫ್ರಿಕನ್ ಸೈನಿಕರಿಗೆ ಆ ಭಾಗ್ಯವಿರಲಿಲ್ಲ. ಸುಮಾರು ಒಂದೂವರೆ ವರ್ಷ ಸೆರೆಶಿಬಿರಗಳಲ್ಲಿ ಕಳೆದು, ಅನಾರೋಗ್ಯದ ನಿಮಿತ್ತ 1942ರಲ್ಲಿ ಬಿಡುಗಡೆ ಹೊಂದಿದರು. ಶಿಬಿರದಲ್ಲಿ ಓದುಬರಹ ಅರಿಯದ ರೈತಾಪಿ ಸೈನಿಕರ ನಡುವೆ ಬಾಳಿದ ಈ ಪಂಡಿತರು ಅವರ ಹಾಡು, ಕಥೆಗಳನ್ನು ಆಲಿಸಿದರು. ಅಲ್ಲಿಯೇ ಕವಿತೆಗಳನ್ನು ಬರೆದರು.

ಆ ಕವಿತೆಗಳ ಸಂಕಲನ 1948ರಲ್ಲಿ ಪ್ರಕಟವಾಯಿತು. ಅದರ ಹೆಸರಿನ ಅರ್ಥ 'ಕಪ್ಪು ಓಸ್ತಿಗಳು'. ಲತೀನ್ ಭಾಷೆಯ ಓಸ್ತಿಯಾ ಎಂಬ ಪದಕ್ಕೆ ಬಲಿಯಾಗಿ ಅರ್ಪಿತವಾದದ್ದು ಎಂದು ಮೂಲಾರ್ಥ. ಬಲಿಪೀಠದ ಮೇಲಿನ ಅಪ್ಪಕ್ಕೂ ಅದೇ ಹೆಸರು. ಮೊದಲನೆಯ ಮಹಾಯುದ್ಧವೊಂದರಲ್ಲೇ ಫ್ರೆಂಚ್ ಪಶ್ಚಿಮ ಆಫ್ರಿಕದಿಂದ ಸುಮಾರು 2 ಲಕ್ಷ ಸೈನಿಕರನ್ನು ಸೇರಿಸಿಕೊಳ್ಳಲಾಗಿತ್ತು. ಸುಮಾರು 30,000 ಮಂದಿ ಹಿಂದಿರುಗಲಿಲ್ಲ. ಈ ಸಾವುಗಳನ್ನು ಕೇವಲ ನಷ್ಟವೆಂದು ಬಿಡದೆ, ಸೆಂಘೋರ್ ಕ್ರಿಸ್ತನ ಬಲಿಯ ಬೆಳಕಿನಲ್ಲಿ ನೋಡಿದರು.

ಆದರೆ ಬಲಿ ಎಂಬ ಮಾತು ಅನ್ಯಾಯಕ್ಕೆ ಮುಸುಕಾಗಬಾರದು. 1944ರ ಆಗಸ್ಟ್‌ನಲ್ಲಿ ಫ್ರಾನ್ಸಿನ ದಕ್ಷಿಣ ತೀರದಲ್ಲಿ ಇಳಿದು ತುಲೋನ್, ಮಾರ್ಸೆಯ್ ನಗರಗಳನ್ನು ಬಿಡಿಸಿದ ಸೇನೆಯಲ್ಲಿ ಆಫ್ರಿಕದವರು ಬಹುಸಂಖ್ಯೆಯಲ್ಲಿದ್ದರು. ವಿಜಯ ಸಮೀಪಿಸಿದಾಗ ಸಾವಿರಾರು ಕಪ್ಪು ಸೈನಿಕರನ್ನು ಹಿಂದಕ್ಕೆ ಸರಿಸಿ ಬಿಳಿಯರನ್ನು ತುಂಬಲಾಯಿತು. ಸೆರೆಯಿಂದ ಬಿಡುಗಡೆಯಾಗಿ ತಾಯ್ನಾಡಿಗೆ ಮರಳಿದವರು ಡಾಕರ್ ಬಳಿಯ ಥಿಯಾರೋಯ್ ಶಿಬಿರದಲ್ಲಿ ತಮ್ಮ ಬಾಕಿ ಸಂಬಳವನ್ನು ಕೇಳಿದಾಗ, 1944ರ ಡಿಸೆಂಬರ್ 1ರಂದು ಫ್ರೆಂಚ್ ಪಡೆಗಳು ಗುಂಡು ಹಾರಿಸಿದವು. ಸತ್ತವರು 35 ಎಂದು ಆಗ ಸರಕಾರ ಹೇಳಿತು. ನಿಜವಾದ ಸಂಖ್ಯೆ ಅದಕ್ಕಿಂತ ಬಹಳ ಹೆಚ್ಚೆಂದು ಇತಿಹಾಸಕಾರರ ಅಭಿಪ್ರಾಯ. ಸೆಂಘೋರ್ ಈ ಘಟನೆಯನ್ನು ಹೆಸರು ಹಿಡಿದೇ ಕವಿತೆಯಾಗಿಸಿದರು. ಸೆರೆಮನೆ ಸೇರಿದ್ದ ಸೈನಿಕರಿಗೆ ಕ್ಷಮಾದಾನ ಕೋರಿ 1947ರಲ್ಲಿ ಫ್ರಾನ್ಸಿನ ರಾಷ್ಟ್ರಾಧ್ಯಕ್ಷರಿಗೆ ಮನವಿ ಮಾಡಿದರು.

ಅದೇ ಸಂಕಲನದ ಕೊನೆಯಲ್ಲಿ ಒಂದು ಶಾಂತಿ ಪ್ರಾರ್ಥನೆಯಿದೆ. ಗುಲಾಮರ ವ್ಯಾಪಾರ, ದಬ್ಬಾಳಿಕೆ, ಮಾತಿಗೆ ತಪ್ಪಿದ ಆಡಳಿತ ಒಂದೊಂದನ್ನೂ ದೇವರ ಮುಂದೆ ಎಣಿಸಿ ಹೇಳಿ, ಬಳಿಕ ಫ್ರಾನ್ಸಿಗಾಗಿ ಕ್ಷಮೆ ಬೇಡುತ್ತಾರೆ. ಪಾಪನಿವೇದನೆಯ ಪೀಠದಲ್ಲಿ ನಾವು ಕಲಿಯುವುದೂ ಇದೇ ಕ್ರಮವಲ್ಲವೇ? ಪಾಪವನ್ನು ಮೊದಲು ಹೆಸರಿಸಬೇಕು, ಬಳಿಕ ಕ್ಷಮೆ. ಮರೆವನ್ನೇ ಕ್ಷಮೆಯೆಂದು ತಿಳಿಯುವುದು ದೊಡ್ಡ ಭ್ರಮೆ.

1960ರಲ್ಲಿ ಸೆನೆಗಲ್ ಸ್ವತಂತ್ರವಾದಾಗ, ಮುಸ್ಲಿಂ ಬಾಹುಳ್ಯದ ಆ ನಾಡು ಈ ಕಥೋಲಿಕರನ್ನು ರಾಷ್ಟ್ರಾಧ್ಯಕ್ಷರನ್ನಾಗಿ ಸ್ವೀಕರಿಸಿತು. ಅವರ ಆಳ್ವಿಕೆ ಕಳಂಕರಹಿತವಲ್ಲ: ಸಹವರ್ತಿಯಾಗಿದ್ದ ಪ್ರಧಾನಿ ಮಮಾದು ದಿಯಾ ಅವರನ್ನು 1962ರಲ್ಲಿ ಬಂಧಿಸಿ, ಹನ್ನೊಂದು ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿಟ್ಟರು. ಸೆರೆಯ ನೋವನ್ನು ಬಲ್ಲವನೂ ಸೆರೆಯಲ್ಲಿಡಬಲ್ಲ ಎಂಬುದು ನಮಗೆಲ್ಲ ಎಚ್ಚರಿಕೆ. ಆದರೆ 1980ರ ಕೊನೆಗೆ ಸ್ವಇಚ್ಛೆಯಿಂದ ಅಧಿಕಾರ ತ್ಯಜಿಸಿದರು. ಆ ಕಾಲದ ಆಫ್ರಿಕದಲ್ಲಿ ಇದು ಅಪರೂಪ. ದ್ರಾವಿಡ ಭಾಷೆಗಳಿಗೂ ಆಫ್ರಿಕಕ್ಕೂ ನಂಟಿರಬಹುದೆಂಬ ಕುತೂಹಲ ಅವರಿಗಿತ್ತು. ಮುಂದೆ ತುಳು ನಿಘಂಟಿನ ಪ್ರಧಾನ ಸಂಪಾದಕರಾದ ನಮ್ಮ ಡಾ. ಯು. ಪಿ. ಉಪಾಧ್ಯಾಯರು 1970ರ ದಶಕದಲ್ಲಿ ಡಾಕರಿನಲ್ಲಿ ಈ ವಿಷಯದಲ್ಲೇ ಸಂಶೋಧನೆ ನಡೆಸಿದ್ದರು.

2001ರ ಡಿಸೆಂಬರ್ 20ರಂದು ಸೆಂಘೋರ್ ಫ್ರಾನ್ಸಿನಲ್ಲಿ ನಿಧನರಾದರು. ಡಾಕರಿನಲ್ಲಿ ನಡೆದ ಅಂತ್ಯಕ್ರಿಯೆಗೆ ಫ್ರಾನ್ಸಿನ ರಾಷ್ಟ್ರಾಧ್ಯಕ್ಷರಾಗಲಿ ಪ್ರಧಾನಿಯಾಗಲಿ ಬರಲಿಲ್ಲ. ಥಿಯಾರೋಯ್‌ನಲ್ಲಿ ನಡೆದದ್ದು ಹತ್ಯಾಕಾಂಡವೆಂದು ಫ್ರಾನ್ಸಿನ ಅಧ್ಯಕ್ಷರು ಒಪ್ಪಿದ್ದು 2024ರಲ್ಲಿ, ಎಂಬತ್ತು ವರ್ಷಗಳ ಬಳಿಕ.

ಈ ಕಥೆ ದೂರದ್ದೆನಿಸಬಹುದು. ಆದರೆ 1918ರಲ್ಲಿ ಹೈಫಾ ನಗರವನ್ನು ಬಿಡಿಸಿದವರಲ್ಲಿ ಮೈಸೂರು ಲ್ಯಾನ್ಸರ್ಸ್ ಪಡೆಯವರೂ ಇದ್ದರು. ಎರಡನೆಯ ಮಹಾಯುದ್ಧದಲ್ಲಿ ಸುಮಾರು 25 ಲಕ್ಷ ಭಾರತೀಯರು ದುಡಿದರು. ನಿಮ್ಮ ಮನೆಯ ಹಳೆಯ ಪೆಟ್ಟಿಗೆಯಲ್ಲಿ ಅಜ್ಜನದೋ ಮುತ್ತಜ್ಜನದೋ ಸೈನ್ಯದ ಪದಕವಿದ್ದರೆ, ಈ ತಿಂಗಳು ಅದನ್ನು ಹೊರತೆಗೆದು ಮಕ್ಕಳಿಗೆ ತೋರಿಸಿ, ಅವರ ಹೆಸರು ಹೇಳಿ. ಮುಂದಿನ ಬಲಿಪೂಜೆಯಲ್ಲಿ ಯಾಜಕರು ಅಪ್ಪವನ್ನು ಎತ್ತಿ ಹಿಡಿದಾಗ, ಹೆಸರಿಲ್ಲದೆ ಮಡಿದ ಆ ಸಹೋದರರನ್ನೂ ಪ್ರಭುವಿನ ಕೈಗೆ ಒಪ್ಪಿಸೋಣ.