ಪ್ರೊ. ಬಿ. ಕೃಷ್ಣಪ್ಪ: ಹುಟ್ಟಿನ ಹೆಸರು, ಸ್ಥಿತಿಯ ಹೆಸರು


*ಇಂದಿನ ಚಿಂತನೆ*



ವಾಸೆಟ್ಠ ಸುತ್ತ ನಿಮಗೆ ಗೊತ್ತು. ಬ್ರಾಹ್ಮಣನಾಗುವುದು ಹುಟ್ಟಿನಿಂದಲೋ ನಡತೆಯಿಂದಲೋ ಎಂದು ವಾದಕ್ಕಿಳಿದ ಇಬ್ಬರು ಯುವಕರು ಬುದ್ಧರ ಬಳಿಗೆ ಬರುತ್ತಾರೆ. ಹುಲ್ಲು, ಮರ, ಇರುವೆ, ಹಾವು, ಮೀನು, ಹಕ್ಕಿ ಇವುಗಳ ಮೈಮೇಲೆಯೇ ಜಾತಿಯ ಗುರುತಿದೆ ಎಂದು ಬುದ್ಧರು ತೋರಿಸುತ್ತಾರೆ. ಮನುಷ್ಯರ ಕಣ್ಣು, ಕಿವಿ, ಕೈಕಾಲುಗಳಲ್ಲಿ ಅಂಥ ಗುರುತಿಲ್ಲ. ಉಳುವವನು ರೈತ, ಕದಿಯುವವನು ಕಳ್ಳ. ಮನುಷ್ಯನಿಗೆ ಹೆಸರು ಬರುವುದು ಮಾಡುವ ಕೆಲಸದಿಂದ.

ನಮ್ಮ ಭದ್ರಾವತಿಯಲ್ಲಿ ಇದೇ ದಾರಿಯಲ್ಲಿ ನಡೆದವರು ಪ್ರೊ. ಬಿ. ಕೃಷ್ಣಪ್ಪನವರು. 1938ರ ಜೂನ್ 9ರಂದು ಹರಿಹರದ ಬಡ ಮಾದಿಗ ಕುಟುಂಬದಲ್ಲಿ ಹುಟ್ಟಿದರು. ಕಷ್ಟಪಟ್ಟು ಓದಿ, ಭದ್ರಾವತಿಯ ಸರ್ ಎಂ. ವಿಶ್ವೇಶ್ವರಯ್ಯ ಕಾಲೇಜಿನಲ್ಲಿ ಕನ್ನಡ ಮೇಷ್ಟ್ರಾದರು. 1973ರಲ್ಲಿ ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಎಂದ ಸಚಿವ ಬಸವಲಿಂಗಪ್ಪನವರು ಪದವಿ ಕಳೆದುಕೊಂಡರು, ದಲಿತ ವಿದ್ಯಾರ್ಥಿಗಳು ಪೆಟ್ಟು ತಿಂದರು. ಆ ಬಿಸಿಯಲ್ಲಿ ಕೃಷ್ಣಪ್ಪನವರೂ ಗೆಳೆಯರೂ ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದರು.

ಸಂಘಟನೆಗೆ ಜಾತಿಯ ಹೆಸರಿಡಲಿಲ್ಲ ಎಂಬುದನ್ನು ಗಮನಿಸಿ. ಹೊಲೆಯ, ಮಾದಿಗ ಎಂದು ಊರು ಕರೆಯುತ್ತಿದ್ದಾಗ, ಆ ಹೆಸರು ಕಿವಿಗೆ ಬಿದ್ದೊಡನೆ ಕೂರುವ ಜಾಗ, ಕುಡಿಯುವ ಲೋಟ, ಕೂಲಿ ಎಲ್ಲವೂ ತೀರ್ಮಾನವಾಗುತ್ತಿತ್ತು. ಎದುರಿಗಿದ್ದ ಮನುಷ್ಯನನ್ನು ನೋಡುವ ಅಗತ್ಯವೇ ಇರಲಿಲ್ಲ. ದಲಿತ ಎಂದರೆ ತುಳಿತಕ್ಕೊಳಗಾದವರು. ಅದು ಹುಟ್ಟನ್ನಲ್ಲ, ಸ್ಥಿತಿಯನ್ನು ಹೇಳುವ ಹೆಸರು. ತುಳಿದವರು ಯಾರು, ಭೂಮಿ ಯಾರ ಕೈಯಲ್ಲಿದೆ ಎಂಬ ಪ್ರಶ್ನೆಗಳು ಅದರ ಬೆನ್ನಿಗೇ ಏಳುತ್ತವೆ. ಹುಟ್ಟನ್ನು ಬದಲಿಸಲಾಗದು, ಸ್ಥಿತಿಯನ್ನು ಬದಲಿಸಬಹುದು.

ಸೊರಬ ತಾಲ್ಲೂಕಿನ ಚಂದ್ರಗುತ್ತಿಯ ಬೆತ್ತಲೆ ಸೇವೆಯನ್ನು ಜನ ಭಕ್ತಿ ಎಂಬ ಗುಂಪಿಗೆ ಸೇರಿಸಿಬಿಟ್ಟಿದ್ದರು. ಭಕ್ತಿ ಎಂದ ಮೇಲೆ ಮಾತು ಮುಗಿಯಿತು. ಆದರೆ ಬೆತ್ತಲಾಗುತ್ತಿದ್ದವರು ಹೆಚ್ಚಾಗಿ ದಲಿತ, ಹಿಂದುಳಿದ ಬಡ ಹೆಣ್ಣುಮಕ್ಕಳೇ ಏಕೆ? 1986ರಲ್ಲಿ ಇದನ್ನು ತಡೆಯಲು ಹೋದ ಸಮಿತಿಯ ಕಾರ್ಯಕರ್ತರ ಮೇಲೆ ಹಲ್ಲೆಯಾಯಿತು. ಮುಂದೆ ಸರ್ಕಾರ ಆ ಪದ್ಧತಿಯನ್ನೇ ನಿಷೇಧಿಸಿತು.

1997ರ ಏಪ್ರಿಲ್ 30ರಂದು ಕೃಷ್ಣಪ್ಪನವರು ತೀರಿಕೊಂಡರು. ಅವರು ಬಿಟ್ಟುಹೋದ ಪಾಠ ಇಂದು ನಮಗೇ ಬೇಕಾಗಿದೆ. ರಾಜ್ಯದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ 101 ಜಾತಿಗಳಿವೆ. ಒಳಮೀಸಲಾತಿಗೆ ದಾರಿ ತೆರೆದ 2024ರ ಆಗಸ್ಟ್ 1ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ನಮ್ಮೊಳಗೇ ಎಡ, ಬಲ ಎಂಬ ಮಾತು ಬಿಸಿಯಾಗಿದೆ. ಯಾರು ಎಷ್ಟು ಹಿಂದುಳಿದಿದ್ದಾರೆ ಎಂದು ಎಣಿಸಲೇಬೇಕು, ಅದು ನ್ಯಾಯದ ಲೆಕ್ಕ. ಆದರೆ ಲೆಕ್ಕಕ್ಕಾಗಿ ಮಾಡಿದ ಗುಂಪು ನೆಂಟಸ್ತಿಕೆಗೆ ಗೋಡೆಯಾದರೆ, ವಿಹಾರದಲ್ಲಿ ಚಾಪೆ ಬೇರೆ ಮಾಡಿದರೆ, ನಾವು ಮತ್ತೆ ಹುಟ್ಟಿನ ಹೆಸರಿಗೇ ಮರಳಿದಂತೆ.

*ಇಂದಿನ ಅಭ್ಯಾಸ:* ಯಾರ ಬಗ್ಗೆಯಾದರೂ ಅವರೆಲ್ಲ ಹಾಗೆಯೇ ಎಂದು ಬಾಯಿಗೆ ಬಂದಾಗ ಒಂದು ಉಸಿರು ತಡೆಯೋಣ. ನಾವು ಹೇಳಹೊರಟಿರುವುದು ಅವರ ಹುಟ್ಟನ್ನೋ, ಸ್ಥಿತಿಯನ್ನೋ, ನಡತೆಯನ್ನೋ ಎಂದು ಕೇಳಿಕೊಳ್ಳೋಣ.

ಭವತು ಸಬ್ಬ ಮಂಗಲಂ 🙏