ಅಕ್ಕನ ಚಾರ್ಟಿನಲ್ಲಿ ಸಿಕ್ಕ ಸುಬ್ಬರಾವ್

ನಮ್ಮ ದೊಡ್ಡಪ್ಪನ ಮಗಳು ಅಕ್ಕನಿಗೆ ಬೆಂಗಳೂರಿನಲ್ಲಿ ಅಸ್ಥಿಮಜ್ಜೆ ಕಸಿ ಆದಾಗ ಹರಪನಹಳ್ಳಿಯಿಂದ ಜೊತೆಗೆ ಹೋದವನು ನಾನು. ಮಜ್ಜೆ ಕೊಟ್ಟವನು ಅವಳ ತಮ್ಮ. ಕಸಿಯಾದ 1, 3, 6, 11ನೇ ದಿನ ಅವಳಿಗೆ ಮೆಥೊಟ್ರೆಕ್ಸೇಟ್ ಎಂಬ ಇಂಜೆಕ್ಷನ್ ಕೊಟ್ಟರು. ಅದರ ಹಿಂದೆ ಇದ್ದವರು ಯಾರೆಂದು ಊರಿಗೆ ಬಂದ ಮೇಲೆ ಓದಿ ತಿಳಿದೆ.

ಯಲ್ಲಾಪ್ರಗಡ ಸುಬ್ಬರಾವ್ ಹುಟ್ಟಿದ್ದು 1895ರಲ್ಲಿ, ಭೀಮಾವರಂನಲ್ಲಿ. ಆಗ ಆ ಊರೂ ನಮ್ಮ ಹರಪನಹಳ್ಳಿಯೂ ಒಂದೇ ಮದ್ರಾಸ್ ಪ್ರಾಂತ್ಯ. ಮೆಟ್ರಿಕ್ ಪಾಸಾಗಿದ್ದು ಮೂರನೇ ಸಲಕ್ಕೆ. (ಸಪ್ಲಿಮೆಂಟರಿ ಕಟ್ಟಿದ ಗೆಳೆಯರು ಗಮನಿಸಿ!) ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಖಾದಿ ಗೌನ್ ತೊಟ್ಟಿದ್ದಕ್ಕೆ ಇಂಗ್ಲಿಷ್ ಪ್ರೊಫೆಸರ್ ಸಿಟ್ಟಾಗಿ, ಎಂಬಿಬಿಎಸ್ ಬದಲು ಕೆಳದರ್ಜೆಯ ಎಲ್‌ಎಂಎಸ್ ಸಿಕ್ಕಿತು. ಸ್ಪ್ರೂ ಎಂಬ ಕರುಳಿನ ಕಾಯಿಲೆ ಅವರ ಇಬ್ಬರು ಸಹೋದರರನ್ನು ಕೆಲವೇ ದಿನಗಳ ಅಂತರದಲ್ಲಿ ಬಲಿ ತೆಗೆದುಕೊಂಡಿತು.

ಹೆಂಡತಿಯನ್ನು ಇಲ್ಲೇ ಬಿಟ್ಟು ಅಮೆರಿಕಕ್ಕೆ ಹೋದವರು ಮತ್ತೆ ಬರಲಿಲ್ಲ. ಆಸ್ಪತ್ರೆಯಲ್ಲಿ ರೋಗಿಗಳ ಮಲಮೂತ್ರದ ಪಾತ್ರೆ ತೊಳೆದರು. ಹಾರ್ವರ್ಡ್‌ನಲ್ಲಿ 1930ರಲ್ಲಿ ಪಿಎಚ್‌ಡಿ ಆಯಿತು, ಕಾಯಂ ಹುದ್ದೆ ಮಾತ್ರ ಸಿಗಲಿಲ್ಲ. 1940ರಲ್ಲಿ ಲೆಡರ್ಲಿ ಔಷಧ ಕಂಪನಿಗೆ ಸೇರಿದರು. ಆನೆಕಾಲು ರೋಗಕ್ಕೆ ಇವತ್ತಿಗೂ ನುಂಗಿಸುವ ಡಿಇಸಿ ಗುಳಿಗೆ ಬಂದದ್ದು ಅಲ್ಲಿಂದಲೇ. ಅವರ ತಂಡ ಫೋಲಿಕ್ ಆಸಿಡ್ ತಯಾರಿಸಿತು. ಸಹೋದರರನ್ನು ಕೊಂದ ಸ್ಪ್ರೂಗೆ ಅದೇ ಮದ್ದಾಯಿತು.

ಆಮೇಲೆ ಅದೇ ತಂಡ ಉಲ್ಟಾ ಕೆಲಸ ಮಾಡಿತು. ನೋಡಲು ಫೋಲಿಕ್ ಆಸಿಡ್‌ನಂತೆಯೇ ಇದ್ದು, ಜೀವಕೋಶ ಒಡೆದು ಎರಡಾಗುವುದನ್ನು ತಡೆಯುವ ವಸ್ತುಗಳನ್ನು ತಯಾರಿಸಿತು. ಅಂಥದ್ದೊಂದನ್ನು ಬೋಸ್ಟನ್‌ನ ಡಾ. ಸಿಡ್ನಿ ಫಾರ್ಬರ್ ರಕ್ತಕ್ಯಾನ್ಸರಿನ 16 ಮಕ್ಕಳಿಗೆ ಕೊಟ್ಟರು. 10 ಮಕ್ಕಳು ಚೇತರಿಸಿಕೊಂಡರು, ಸ್ವಲ್ಪ ಕಾಲಕ್ಕಾದರೂ. ಈ ವರದಿ ಬಂದದ್ದು 1948ರ ಜೂನ್‌ನಲ್ಲಿ. ಆಗಸ್ಟ್‌ನಲ್ಲಿ ಸುಬ್ಬರಾವ್ ನಿದ್ದೆಯಲ್ಲೇ ತೀರಿಕೊಂಡರು. 53 ವರ್ಷ. ಅಸ್ಥಿಮಜ್ಜೆ ಕಸಿ ಎಂಬುದನ್ನು ಅವರು ನೋಡಲೇ ಇಲ್ಲ.

ಕಸಿಯಲ್ಲಿ ಅವರ ಔಷಧಿಗೆ ಏನು ಕೆಲಸ? ತಮ್ಮನ ಮಜ್ಜೆಯ ಜೊತೆ ಅವನ ಟಿ ಕೋಶಗಳೂ ಅಕ್ಕನ ಮೈಗೆ ಬರುತ್ತವೆ. ಸೋಂಕಿನ ವಿರುದ್ಧ ಕಾದಾಡುವ ಕಾವಲುಗಾರರು ಅವು. ಆದರೆ ಅಕ್ಕನ ಮೈ ಅವಕ್ಕೆ ಪರರ ಮನೆ. ಚರ್ಮ, ಕರುಳು, ಯಕೃತ್ತಿಗೆ ನುಗ್ಗಿ ಅಲ್ಲಿನ ಕೋಶಗಳನ್ನೇ ಶತ್ರು ಎಂದು ಹೊಡೆಯುತ್ತವೆ. ಹೊಡೆಯುವ ಮೊದಲು ಅವು ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯಬೇಕು. ಅದಕ್ಕೆ ಫೋಲಿಕ್ ಆಸಿಡ್ ಬೇಕು. ಮೆಥೊಟ್ರೆಕ್ಸೇಟ್ ಅಲ್ಲೇ ಅಡ್ಡಗಾಲು ಹಾಕುತ್ತದೆ. ಇದರ ಜೊತೆ ಸೈಕ್ಲೋಸ್ಪೋರಿನ್ ಸೇರಿಸಿದರೆ ಕಾಟ ಇನ್ನೂ ಕಡಿಮೆ ಎಂದು ಸಿಯಾಟಲ್‌ನ ವೈದ್ಯರು 1986ರಲ್ಲಿ ತೋರಿಸಿದರು.

ಪೂರ್ತಿ ನಿಲ್ಲುತ್ತದೆ ಎಂದಲ್ಲ. ಅಕ್ಕನ ಅಂಗೈಯಲ್ಲಿ ಸ್ವಲ್ಪ ಕೆಂಪು ಕಂಡರೂ ದೊಡ್ಡಮ್ಮ ಈಗಲೂ ರಾತ್ರಿ ಫೋನ್ ಮಾಡುತ್ತಾರೆ. ಮೊನ್ನೆ ಹಾಗೆ ಮಾಡಿದ್ದರು. ನೋಡಿದರೆ, ಮದರಂಗಿ!